ಅರಿವಿ ಆನಿ ಹೊಟ್ಟ್ಯಾಗ ಏನಿತ್ತು

ಹೋದ ತಿಂಗಳ ಕೌದಿ ಬಗ್ಗೆ ಬರದ ಮ್ಯಾಲೆ ನಮ್ಮ ಓಣ್ಯಾಗಿನವರು, ಬೆಳಗಾವಿ ಮೌಶಿ, ಎಲ್ಲಾರೂ ಒಂದ ಮಾತು ಕೇಳಿದ್ರಿ. “ಕೌದೀದು ಆತು, ಮನ್ಯಾಗ ಹಳೇ ಅರಿವಿ ಗೊಂಬಿ ಅವ ಅಲಾ, ಹತ್ತಿ ತುಂಬಿದ್ದು, ಅವನ್ನ ಹೆಂಗ ಒಗೀಬೇಕು?” ಅಂತ. ಒಗಿಯೂದು ಹೇಳ್ತೀನಿ. ಆದ್ರ ಅದಕ್ಕೂ ಮದಲ ಈ ಗೊಂಬಿಗಳ ಹಿಂದಿನ ಕಥಿ ಒಂದಿಷ್ಟು ಹೇಳೇ ಹೇಳ್ತೀನಿ. ಅದು ಗೊತ್ತಿಲ್ದ ಬಕೀಟಿಗೆ ಹಾಕಿದ್ರ, ಹೊಲಸಿನ ಜೋಡಿ ಏನೇನು ಹರದು ಹೋತು ಅನ್ನೂದ ನಮಗ ತಿಳಿಯೂದಿಲ್ಲ.

ಕಟಗಿ ಗೊಂಬಿ ಅಂದ್ರ ಕಿನ್ನಾಳ ಅಂತೀವಿ, ಗೋಕಾಕ ಅಂತೀವಿ. ಅರಗಿನ ಬಣ್ಣದ್ದು ಅಂದ್ರ ಚನ್ನಪಟ್ಟಣ. ಅವಕ್ಕ ಊರು ಅದ, ಮಾಡೂ ಮಂದಿ ಅದ, ಪ್ಯಾಟಿ ಅದ, ಪುಸ್ತಕದಾಗ ಹೆಸರೂ ಅದ. ಮನ್ಯಾಗ ಹೊಲಿದ ಅರಿವಿ ಗೊಂಬೀಗೆ ಊರ ಇಲ್ಲ. ಅದನ್ನ ಯಾರೂ ಮಾರಲಿಲ್ಲ, ಯಾರೂ ಕೊಳ್ಳಲಿಲ್ಲ. ಸಂಜೀಕ ಅಡಿಗಿ ಮುಗಿದ ಮ್ಯಾಲೆ, ಕೂಸು ಹಟಾ ಮಾಡ್ತದ ಅಂತ, ಕೌದಿಗೆ ಬಳಸಿ ಉಳಿದ ಚಿಂದಿಯೊಳಗ ಹೊಲಿದದ್ದು. ಅದನ್ನ ಕೂಸು ಚೀಪ್ತು, ಕಚ್ಚಿತು, ಅಂಗಳದಾಗ ಎಳದಾಡ್ತು. ಎರಡ ವರ್ಷಕ್ಕ ಹರೀತು. ಹರದ ಮ್ಯಾಲೆ ಅದರೊಳಗಿನ ಹತ್ತಿ ತಲಿದಿಂಬಿಗೆ ಹೋತು, ಅರಿವಿ ಒಲಿ ಮ್ಯಾಲಿನ ಬಿಸಿ ಪಾತೇಲಿ ಹಿಡಿಯೂ ಮಸಿಅರಿವಿ ಆತು. ಹಿಂಗಾಗಿ ಮನೀಮನ್ಯಾಗ ಸಾವಿರಾರು ವರ್ಷ ಮಾಡಿಕೋತ ಬಂದ ವಸ್ತು, ಉಳಿದದ್ದು ಮಾತ್ರ ಬೆರಳಿನ್ಯಾಗ ಎಣಿಸೂವಷ್ಟು.

ಉಳಿದವುಗಳೊಳಗ ಭಾಳ ಹಳೇದೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ್ಯಾಗ ಅದ. ಇಜಿಪ್ತ ದೇಶದಾಗ, ರೋಮನ್ನರ ರಾಜ್ಯ ಇದ್ದ ಕಾಲದ್ದು. ಕ್ರಿಸ್ತಶಕ ಒಂದರಿಂದ ಐದನೇ ಶತಮಾನದ ನಡುವಿಂದು ಅಂತ ಹೇಳ್ತಾರ. ದಪ್ಪ ನಾರಿನ ಅರಿವಿ, ಒಳಗ ಚಿಂದಿ ಮತ್ತ ಪಪೈರಸ್ಸಿನ ಚೂರು ತುಂಬ್ಯಾರ. ಪಪೈರಸ್ ಅಂದ್ರ ಅವರ ಕಾಗದ. ನಾವು ಹಳೇ ಪೇಪರು ತುಂಬಿದ್ಹಂಗ ಅಂದುಕೋರಿ! ಎರಡೂ ಕೈ ಅಂದ್ರ ಒಂದ ಉದ್ದನ್ನ ಅರಿವಿ ಸುರುಳಿ, ಹೆಗಲಿಗೆ ಹಚ್ಚಿ ಹೊಲಿದದ್ದು. ತಲಿ ಬಾಜೂ ಒಂದು ನೀಲಿ ಗಾಜಿನ ಮಣಿ. ಆ ಮಣಿ ನೋಡಿ, ಇದು ಹೆಣ್ಣು ಗೊಂಬಿ ಇರಬೇಕು, ಕೂದಲಿಗೆ ಹಚ್ಚಿದ ಆಭರಣ ಇರಬೇಕು ಅಂತ ತಿಳದವರು ಅಂತಾರ. ನಮ್ಮವ್ವ ಸೈತ ನನ್ನ ಗೊಂಬೀಗೆ ಹಿಂಗ ಒಂದು ಹರದ ಸರದ ಮಣಿ ಹಚ್ಚಿ ಕೊಟ್ಟಿದ್ಲು. ಇಜಿಪ್ತಿನಂಥಾ ಒಣ ಉಸುಕಿನ ನೆಲ ಇತ್ತಂತ ಅದು ಉಳೀತು. ನಮ್ಮ ಮಳಿ, ನಮ್ಮ ಗೆದ್ದಲಿ, ನಮ್ಮ ಇಲಿ ಮುಂದ ಅದು ಹತ್ತು ವರ್ಷನೂ ನಿಲ್ಲತಿದ್ದಿಲ್ಲ.

ಹರದು ಹೋಗೂದು, ಹುಳ ತಿನ್ನೂದು ಒಂದ ಕಡೆ. ಸುಡೂದು ಇನ್ನೊಂದು. ಇದನ್ನ ಮಂದಿ ಮರ್ತಾರ. 1896ರಾಗ ಮುಂಬೈಗೆ ಪ್ಲೇಗು ಬಂತು, ಒಂದೆರಡು ವರ್ಷದಾಗ ನಮ್ಮ ಹುಬ್ಬಳ್ಳಿ-ಧಾರವಾಡಕ್ಕೂ ಬಂತು. ಮಂದಿ ಊರ ಬಿಟ್ಟು ಹೊಲದಾಗ ಗುಡಸಲ ಹಾಕಿಕೊಂಡು ಕೂತ್ರು. ಬ್ಯಾನಿ ಬಂದ ಮನೀ ಹಾಸಿಗಿ, ಅರಿವಿ-ಅಂಚಡಿ ಸುಡತಿದ್ರು. ಮೈಲಿ ಬಂದ್ರೂ ಹಂಗ. 1977ರಾಗ ನಮ್ಮ ದೇಶದಾಗ ಮೈಲಿ ಅಳೀತು ಅಂತ ಘೋಷಣಾ ಆಗೂತನಕಾ ಎಷ್ಟು ಮನಿ ಕೂಸುಗಳ ಸಾಮಾನು ಬೆಂಕೀಗೆ ಹೋಗಿರಬೇಕು! ಇದು ನಮ್ಮಲ್ಲೆ ಅಷ್ಟ ಅಲ್ಲ. ಇಂಗ್ಲೀಷಿನ್ಯಾಗ ಮಾರ್ಜರಿ ವಿಲಿಯಮ್ಸ್ ಅನ್ನೂ ಹೆಣಮಗಳು 1922ರಾಗ ಬರದ “ದಿ ವೆಲ್ವೆಟೀನ್ ರ‍್ಯಾಬಿಟ್” ಅಂತ ಮಕ್ಕಳ ಪುಸ್ತಕ ಅದ. ಅದರಾಗ ಹುಡುಗಗ ಕೆಂಪುಜ್ವರ ಬರ್ತದ, ಅಂವಾ ಅಪ್ಪಿಕೊಂಡು ಮಲಗಿದ್ದ ಮೊಲದ ಗೊಂಬೀನ ಸುಡ್ರಿ ಅಂತ ಡಾಕ್ಟರು ಹೇಳ್ತಾರ. ಮುಂದ ಕಥಿಯೊಳಗ ಒಬ್ಬಾಕಿ ಯಕ್ಷಿಣಿ ಬಂದು ಮೊಲಾನ್ನ ಉಳಸ್ತಾಳ. ನಮ್ಮನ್ಯಾಗ ಯಕ್ಷಿಣಿ ಬರಲಿಲ್ಲ, ಅದನ್ನ ಆಮ್ಯಾಲೆ ಹೇಳ್ತೀನಿ.

ಪ್ಯಾಟ್ಯಾಗ ಮಾರೂ ತುಂಬಿದ ಗೊಂಬೀ ಇತಿಹಾಸನೂ ಹೊಲಿಯೂ ಹೆಣಮಗಳಿಂದನ ಶುರು ಆತು ಅನ್ನಬಹುದು. ಜರ್ಮನಿಯ ಗೀಂಗೆನ್ ಅನ್ನೂ ಊರಾಗ ಮಾರ್ಗರೇಟ್ ಸ್ಟೈಫ್ ಅಂತ ಇದ್ಲು, 1847ರಾಗ ಹುಟ್ಟಿದಾಕಿ. ಸಣ್ಣಾಕಿ ಇದ್ದಾಗ ಪೋಲಿಯೋ ಆಗಿ ಎರಡೂ ಕಾಲು ಹೋದ್ವು, ಬಲಗೈನೂ ಸೊರಗಿತು. ಗಾಲಿಕುರ್ಚಿ ಮ್ಯಾಲೆ ಕೂತು ಹೊಲಿಗಿ ಕಲ್ತು ಅರಿವಿ ಅಂಗಡಿ ಇಟ್ಲು. ಮಷೀನಿನ ಗಾಲಿ ಬಲಗೈಲೆ ತಿರುವಲಿಕ್ಕೆ ಆಗೂದಿಲ್ಲ ಅಂತ ಮಷೀನನ್ನ ತಿರುವಿ ಇಟ್ಟುಕೊಂಡು ಎಡಗೈಲೆ ತಿರುವತಿದ್ಲಂತ! 1880ರಾಗ ಒಂದು ಮಾಸಪತ್ರಿಕಾದಾಗಿನ ನಮೂನಿ ನೋಡಿ ಸೂಜಿ ಚುಚ್ಚಿ ಇಡಲಿಕ್ಕೆ ಅಂತ ಉಣ್ಣಿ ಅರಿವ್ಯಾಗ ಸಣ್ಣ ಆನಿ ಹೊಲಿದ್ಲು. ದೊಡ್ಡವರು ಅದರಾಗ ಸೂಜಿ ಚುಚ್ಚೂದಕ್ಕಿಂತ ಮದಲ ಹುಡುಗೂರು ಅದನ್ನ ಕಸಗೊಂಡು ಆಡಲಿಕ್ಕೆ ಹತ್ತಿದ್ರು. 1886ರ ಹೊತ್ತಿಗೆ ಅಂಥಾ ಐದು ಸಾವಿರಕ್ಕೂ ಹೆಚ್ಚು ಆನಿ ಮಾರಿದ್ಲು. ಟೆಡ್ಡಿ ಕರಡಿ ಆಮ್ಯಾಲೆ, 1902-03ರಾಗ ಬಂದದ್ದು. ಅದು ಅಮೇರಿಕಾದ ಅಧ್ಯಕ್ಷ ರೂಸ್ವೆಲ್ಟ್ ಶಿಕಾರಿಯೊಳಗ ಕಟ್ಟಿ ಹಾಕಿದ ಕರಡಿ ಹೊಡಿಯೂದಿಲ್ಲ ಅಂದದ್ದಕ್ಕ ಬಂದ ಹೆಸರು. ಆ ಕಥಿ ನಿಮ್ಮ ಮೊಮ್ಮಕ್ಕಳಿಗೇ ಗೊತ್ತದ, ಬಿಡ್ರಿ.

ನನಗ ಅದಕ್ಕಿಂತ ಕಾಲುಚೀಲದ ಮಂಗ್ಯಾನ ಕಥಿ ಸೇರ್ತದ. ಅಮೇರಿಕಾದ ರಾಕ್‌ಫರ್ಡ್ ಊರಾಗ ನೆಲ್ಸನ್ ಕಂಪನಿ ದುಡಿಯೂ ಮಂದಿಗೆ ಕಾಲುಚೀಲ ಹೆಣೀತಿತ್ತು. 1932ರಿಂದ ಅದರ ಹಿಮ್ಮಡಿಗೆ ಕೆಂಪು ಬಣ್ಣ ಹಾಕಲಿಕ್ಕೆ ಹತ್ತಿದ್ರು. ಅದು ಬಡತನದ ಕಾಲ. ಹೆಣಮಕ್ಕಳು ಹರದ ಕಾಲುಚೀಲ ಒಗೀಲಿಲ್ಲ, ಮಂಗ್ಯಾ ಹೊಲಿದ್ರು, ಆ ಕೆಂಪು ಹಿಮ್ಮಡಿ ಮಂಗ್ಯಾನ ತುಟಿ ಆತು. 1955ರಾಗ ಆ ಮಂಗ್ಯಾನ ಪೇಟೆಂಟು ಯಾರಿಗೆ ಸಿಕ್ತು ಅಂತೀರಿ? ಕಂಪನೀಗೆ. ಮದಲ ಹೊಲಿದಾಕಿ ಯಾರು, ಆಕೀ ಹೆಸರೇನು, ದಾಖಲಿಲ್ಲ.

ಇನ್ನ ಒಗಿಯೂ ವಿಷಯ. ಈ ಗೊಂಬಿಗಳನ್ನ ಒಗಿಯೂದು ಹಳೇ ಪದ್ಧತಿ ಅಲ್ಲ. ಮದಲಿನ ವಿಲಾಯತಿ ಕರಡಿಯೊಳಗ ತುಂಬಿದ್ದು ಕಟಗಿ ಹೆರದ ಎಳಿ, ಇಲ್ಲಾ ಹೊಟ್ಟು. ಕಣ್ಣು ಬೂಟಿನ ಗುಂಡಿ, ಆಮ್ಯಾಲೆ ತಂತಿಗೆ ಚುಚ್ಚಿದ ಗಾಜು. ನೀರು ಹತ್ತಿದ್ರ ಒಳಗ ಕೊಳೀತದ, ತಂತಿ ತುಕ್ಕು ಹಿಡೀತದ. ಬ್ರಿಟನ್ನಿನ ವೆಂಡಿ ಬಾಸ್ಟನ್ ಅನ್ನಾಕಿ 1948ರಾಗ ಕಿತ್ತು ಬರದಂಥ ಪ್ಲಾಸ್ಟಿಕ್ ಕಣ್ಣು ಮಾಡಿದ್ಲು, 1954ರಾಗ ಮಷೀನಿಗೆ ಹಾಕಿ ಒಗಿಯೂ ಕರಡಿ ತಂದ್ಲು. ಅಲ್ಲೀತನಕಾ ಮಂದಿ ಒಣಾ ಬ್ರಷ್ಷಿಲೆ ಕೊಡವೂದು, ಬಿಸಲಿಗಿಡೂದು ಅಷ್ಟ. ಅಂದಮ್ಯಾಲೆ ನಿಮ್ಮ ಅಜ್ಜಿ ಹೊಲಿದ ಗೊಂಬಿ ವಾಷಿಂಗ್ ಮಷೀನಿಗೆ ಹುಟ್ಟಿದ್ದಲ್ಲ. ಇದೊಂದು ನೆನಪಿಡ್ರಿ.

ನಮ್ಮ ಕಡೆ ಹೊಟ್ಟು-ಎಳಿ ತುಂಬೂ ಗರಜೇ ಇದ್ದಿಲ್ಲ, ನಮ್ಮದು ಹತ್ತಿ ನಾಡು. 1840ರ ದಶಕದಾಗ ಅಮೇರಿಕಾದ ಬೀಜ ತಂದು ಬಿತ್ತಿದ ಮ್ಯಾಲೆ “ಧಾರವಾಡ-ಅಮೇರಿಕನ್” ಅನ್ನೂ ಹತ್ತಿ ವಿಲಾಯತೀತನಕಾ ಹೆಸರಾತು. 1861ರಿಂದ 65ರತನಕಾ ಅಮೇರಿಕಾದಾಗ ಅಂತರ್ಯುದ್ಧ ನಡದು ಅಲ್ಲಿ ಹತ್ತಿ ನಿಂತಾಗ ನಮ್ಮ ರೈತರ ಹತ್ತೀಗೆ ಬಂಗಾರದ ಬೆಲಿ ಬಂತು. 1972ರಾಗ ವರಲಕ್ಷ್ಮಿ ಅನ್ನೂ ಹೈಬ್ರಿಡ್ ಬಂದದ್ದೂ ಧಾರವಾಡದಿಂದನ. ಆದ್ರ ಉದ್ದ ಎಳಿ ಹತ್ತಿ ಎಲ್ಲಾ ಗಿರಣಿಗೆ. ಗಾದಿಗೆ, ತಲಿದಿಂಬಿಗೆ, ಗೊಂಬೀಗೆ ಬರೂದು ಗಿಡ್ಡ ಎಳಿ ಜವಾರಿ ಹತ್ತಿ. ಅದ ಛಲೋನೂ ಹೌದು, ಒತ್ತಿದ್ರ ಮತ್ತ ಉಬ್ಬತದ. ಎರಡ ವರ್ಷಕ್ಕೊಮ್ಮೆ ಪಿಂಜಾರರು ದೊಡ್ಡ ಬಿಲ್ಲು ಹೆಗಲಿಗೆ ಹಾಕ್ಕೊಂಡು ಓಣ್ಯಾಗ ಬರತಿದ್ರು. ಅಂಗಳದಾಗ ಕೂತು ಆ ಬಿಲ್ಲಿನ ನರಾ ಮಿಡಿದು ಹತ್ತಿ ಹಿಂಜೂ ಸಪ್ಪಳ, ಢಂಯ್ ಢಂಯ್ ಅಂತ, ನಮ್ಮ ವಯಸ್ಸಿನವರ ಕಿವ್ಯಾಗ ಇನ್ನೂ ಇರಬೇಕು. ಅವತ್ತಿನ ದಿನ ಗಾದೀ ಜೋಡಿ ಗೊಂಬೀ ಹೊಟ್ಟೀನೂ ಹೊಸಾ ಹತ್ತಿ ಕಾಣ್ತಿತ್ತು.

ಈಗ ನಮ್ಮನೀ ಆನೀ ವಿಷಯಕ್ಕ ಬರ್ತೀನಿ. ಎಂಟು ಬೊಟ್ಟು ಎತ್ತರ, ಬಿಳೇ ಅರಿವಿ ಮೈ, ಇಳಕಲ್ ಸೀರಿ ಕೆಂಪು ದಡೀಲೆ ಮಾಡಿದ ಕಿವಿ, ಕಪ್ಪು ದಾರಲೆ ತಗದ ಕಣ್ಣು. ಮೈ ಎಲ್ಲಾ ಮಾಸಲು ಗುಲಾಬಿ ಬಣ್ಣ ಆಗೇದ. ಇದು ನಮ್ಮ ಅತ್ತಿಯವರ ತಮ್ಮಂದು. ಸ್ವಾತಂತ್ರ್ಯ ಬರೂದಕ್ಕ ಒಂದ ವರ್ಷ ಮದಲ, ನಾಲ್ಕು ವರ್ಷದ ಹುಡುಗ, ಮೈಲಿ ಬಂದು ತೀರಿಕೊಂಡ. ಅಂವನ ಹಾಸಿಗಿ, ಅಂಗಿ, ಎಲ್ಲಾ ಹಿತ್ತಲದಾಗ ಸುಟ್ರು. ಇಷ್ಟು ಎಲ್ಲಾರಿಗೂ ಗೊತ್ತು. ಜಗಳ ಇರೂದು ಆನೀ ಮ್ಯಾಲೆ. “ಎಲ್ಲಾ ಸುಟ್ಟ ಮ್ಯಾಲೆ ಆನಿ ಹೆಂಗ ಉಳೀತದ? ಅಜ್ಜಿ ಆಮ್ಯಾಲೆ ನೆನಪಿಗೆ ಅಂತ ಇನ್ನೊಂದು ಹೊಲಿದಿರಬೇಕು” ಅಂತ ನನ್ನ ನಾದಿನಿ ಅಂತಾಳ, ಮನೀ ಗಂಡಸರೂ ಅದನ್ನ ಅಂತಾರ. ಅತ್ತಿಯವರು ಮಾತ್ರ, “ಇದ ಅಂವನ ಆನಿ. ಅವ್ವ ಹಂಡೇದಾಗ ಕುದಿಸಿದ್ಲು, ನಾ ನೋಡೀನಿ” ಅಂತಾರ. ಅವರಿಗೆ ಈಗ 86. ಹೊತ್ತು ಗೊತ್ತು ಮರೀತಾರ, ನನ್ನನ್ನ ಒಮ್ಮೊಮ್ಮೆ ವೈನಿ ಅಂತ ಕರೀತಾರ. ಹಿಂಗಾಗಿ ಅವರು ಹೇಳಿದ್ದನ್ನ ಎಲ್ಲಾರೂ “ಹೂಂ ಹೂಂ” ಅಂತ ಬಿಟ್ಟು ಬಿಡ್ತಾರ.

ಈ ವರ್ಷ ಆನೀ ಹಿಂದಿನ ಕಾಲಿಂದ ಹಳದಿ ಪುಡಿ ಉದರಲಿಕ್ಕೆ ಹತ್ತಿತು, ಹೊಟ್ಟೀ ಹೊಲಿಗಿ ಬಿಡ್ತು. ನಾದಿನಿ ಪುಣೆದಿಂದ ಫೋನ್ ಮಾಡಿ, “ವೈನಿ, ಆ ಗುಲಾಬಿ ಕಲಿ ಬ್ಲೀಚ್ ಹಾಕಿ ತಗೀರಿ, ಒಳಗ ಪಾಲಿಫೈಬರ್ ತುಂಬ್ರಿ, ಹೊಸದ್ರಗತೆ ಆಗ್ತದ” ಅಂದ್ಲು. ಆಕಿ ಕೆಟ್ಟದ್ದಕ್ಕ ಹೇಳಲಿಲ್ಲ. ಅವ್ವನ ಕೈಯಾಗ ಸ್ವಚ್ಛ ವಸ್ತು ಇರಲಿ ಅಂತ ಆಕೀ ಆಶಾ. ನಾ ಮದಲ ಬಿಚ್ಚಿ ನೋಡ್ತೀನಿ ಅಂದೆ.

ಟೇಬಲ್ ಮ್ಯಾಲೆ ಬಿಳೇ ಹಾಸು ಹಾಸಿ, ಬಿಟ್ಟ ಹೊಲಿಗಿ ಕಡೆಯಿಂದ ಒಂದೊಂದ ಟಾಕಿ ಸಣ್ಣ ಕತ್ತರೀಲೆ ಬಿಡಿಸಿದೆ. ಹಳದಿ ಪುಡಿ ಹಿಂದಿನ ಕಾಲಾಗಿನ ಸ್ಪಂಜು. ಎಪ್ಪತ್ತರ ದಶಕದಾಗ ಅತ್ತಿಯವರು ತಾವ ತುಂಬಿದ್ದು. ಸ್ಪಂಜು ಹಂಗ, ಮೂವತ್ತು ನಲವತ್ತು ವರ್ಷಕ್ಕ ಪುಡಿ ಆಗ್ತದ, ಜಿಗಟ ಆಗ್ತದ. ಅದರ ಮ್ಯಾಲೆ ಮಾಮಾರ ಟೆರಿಲಿನ್ ಅಂಗೀದೊಂದು ತ್ಯಾಪಿ. ಹೊಟ್ಟ್ಯಾಗ ಮಾತ್ರ ಜವಾರಿ ಹತ್ತಿ, ಹಳೇದು, ಗಂಟು ಕಟ್ಟಿದ್ದು, ಆದ್ರ ಬೆಳ್ಳಗಿತ್ತು.

ಅಲ್ಲೇ ನಾ ನಿಂತೆ. ಮೈ ಅರಿವಿ ಹೊರಗ ಅಷ್ಟ ಅಲ್ಲ, ಒಳಗೂ ಗುಲಾಬಿ. ಕಿವೀ ಹತ್ರ ಕಡು, ದೂರ ಹೋದ್ಹಂಗ ತಿಳಿ. ಕೆಂಪು ದಡಿ ಬಣ್ಣಾ ಬಿಟ್ಟು ಮೈಗೆಲ್ಲಾ ಹರಡೇದ. ಬರೇ ಕೂಸಿನ ಜೊಲ್ಲಿಗೆ, ಬೆವರಿಗೆ ಇಷ್ಟು ಹರಡೂದಿಲ್ಲ, ಬಿಸಿ ನೀರು ಬೇಕು. ಆದ್ರ ಒಳಗಿನ ಹತ್ತೀಗೆ ಒಂದ ಚೂರೂ ಬಣ್ಣಾ ಹತ್ತಿಲ್ಲ. ಅಂದ್ರ ಕುದಿಸಿದಾಗ ಈ ಹತ್ತಿ ಒಳಗ ಇದ್ದಿಲ್ಲ. ಕಿವೀ, ಬೆನ್ನಿನ ಹೊಲಿಗೀ ದಾರ ಗುಲಾಬಿ. ಹೊಟ್ಟೀ ಹೊಲಿಗೀ ದಾರ ಬೆಳ್ಳಗ. ಅಂದ್ರ ಹೊಟ್ಟಿ ಆಮ್ಯಾಲೆ ಹೊಲಿದದ್ದು. ಸೊಂಡಿ ತುದೀಗೆ ಊದಿನಕಡ್ಡೀ ಹಿಂದಿನ ತುದೀಲೆ ಮೆತ್ತಗ ತಡವಿ ನೋಡಿದೆ. ಅಲ್ಲೆ ಬೆರಳು ಹೋಗದ ಜಾಗಾದಾಗ ಒಂದ ಚಿಟಿಕಿ ಹತ್ತಿ ಸಿಕ್ಕೊಂಡಿತ್ತು. ಅದು ಗುಲಾಬಿ!

ಅಜ್ಜಿ ಆನೀ ಹೊಟ್ಟಿ ಬಿಚ್ಚಿ, ಒಳಗಿನ ಹತ್ತಿ ತಗದು ಬೆಂಕೀಗೆ ಹಾಕಿ, ಬರೇ ತೊಗಲು ಹಂಡೇದಾಗ ಕುದಿಸಿ, ಹೊಸಾ ಹತ್ತಿ ತುಂಬಿ ಹೊಲಿದಾಳ. ಸೊಂಡಿ ತುದೀಯಾಗಿಂದು ಮಾತ್ರ ಕೈಗೆ ಸಿಗಲಿಲ್ಲ, ಉಳೀತು. ಆನಿ ನೆನಪಿಗಂತ ಆಮ್ಯಾಲೆ ಹೊಲಿದದ್ದಿದ್ರ ಅದನ್ನ ಬಿಚ್ಚಿ ಕುದಿಸೂ ಗರಜೇನಿತ್ತು? ಇನ್ನೊಂದು. ಕಾಲಿನ ಮಡಿಕಿಯೊಳಗ ಗಿರಣಿ ಶಿಕ್ಕಾ ಅರ್ಧಾ ಅಳಿಸಿದ್ದು ಕಾಣ್ತು, ಆಣೆ ಲೆಕ್ಕದಾಗ ಬೆಲಿ. ಎರಡನೇ ಮಹಾಯುದ್ಧದಾಗ, 1943ರಾಗ, ಸರಕಾರ ಅರಿವೀಗೆ ಕಂಟ್ರೋಲ್ ತಂದು, ಗಿರಣಿಯವರು ಅರಿವಿ ಮ್ಯಾಲನ ಬೆಲಿ ಶಿಕ್ಕಾ ಹೊಡೀಬೇಕು ಅಂತ ಕಾಯ್ದೆ ಮಾಡಿತ್ತು. ಹುಡುಗನ ಕಾಲಕ್ಕ ಸರಿಯಾಗಿ ಕೂಡ್ತದ. ಕೋರ್ಟಿನ್ಯಾಗ ನಡಿಯೂ ಸಾಕ್ಷಿ ಅಲ್ಲ ಇದು, ನನಗ ಸಾಕು. ಅರಿವಿ ಸಿಗದ ಕಾಲದಾಗ ಮಗಗ ಆನಿ ಹೊಲಿದ ತಾಯಿ, ಊರೆಲ್ಲಾ ಸುಡು ಸುಡು ಅನ್ನೂ ಮುಂದ ಅದೊಂದನ್ನ ಕುದಿಸಿ ಮುಚ್ಚಿಟ್ಲು. ಅತ್ತಿಯವರು ಎಂಟು ವರ್ಷದ ಹುಡುಗಿ, ನೋಡಿಕೋತ ನಿಂತಿದ್ರು.

ನಾದಿನೀಗೆ ಫೋಟೋ ಕಳಿಸಿದೆ. ಭಾಳ ಹೊತ್ತು ಏನೂ ಬರಲಿಲ್ಲ. ಆಮ್ಯಾಲೆ, “ಆ ಬಣ್ಣ ತಗೀಬ್ಯಾಡ್ರಿ ವೈನಿ” ಅಂತ ಬಂತು.

ಇನ್ನ ಮಾಡಿದ್ದನ್ನ ಹೇಳ್ತೀನಿ, ನಿಮಗೂ ಉಪಯೋಗ ಆಗ್ತದ. ಗೊಂಬಿಯೊಳಗ ಹುಳ ಅದ ಅಂತ ಸಂಶಯ ಇದ್ರ ಪ್ಲಾಸ್ಟಿಕ್ ಚೀಲದಾಗ ಗಾಳಿ ಹೋಗದ್ಹಂಗ ಕಟ್ಟಿ ಫ್ರಿಜ್ಜಿನ ಬರ್ಫದ ಖಾನೆಯೊಳಗ ಎರಡು ವಾರ ಇಡ್ರಿ. ಮ್ಯೂಸಿಯಮ್ಮಿನವರೂ ಹಿಂಗ ಥಂಡಿ ಕೊಟ್ಟ ಹುಳ ಕೊಲ್ತಾರ. ಹೊರಗ ತಗದ ಮ್ಯಾಲೆ ಚೀಲ ಲಗೂನ ಬಿಚ್ಚಬ್ಯಾಡ್ರಿ, ಒಂದ ದಿವಸ ಹಂಗ ಬಿಡ್ರಿ, ಇಲ್ಲಂದ್ರ ಒಳಗ ನೀರು ಹನಿ ಆಗ್ತದ. ಧೂಳಾ ತಗೀಲಿಕ್ಕೆ ವ್ಯಾಕ್ಯೂಮಿನ ಬಾಯಿಗೆ ಸೊಳ್ಳಿಪರದೆ ತುಂಡು ಕಟ್ಟಿ, ಸಣ್ಣಗ ಇಟ್ಟು ಎಳೀರಿ. ಬಣ್ಣಾ ಬಿಡ್ತದೋ ಇಲ್ಲೋ ನೋಡಲಿಕ್ಕೆ ತೊಯ್ಸಿದ ಬಿಳೇ ಹತ್ತೀಲೆ ಮೂಲ್ಯಾಗ ಒತ್ತಿ ನೋಡ್ರಿ. ನಮ್ಮ ಆನೀ ಕಿವಿ ಇಷ್ಟು ವರ್ಷ ಆದ್ರೂ ಕೆಂಪ ಬಿಡ್ತು, ಹಿಂಗಾಗಿ ನೀರಿಗೆ ಹಾಕಲೇ ಇಲ್ಲ, ಪಾದಾ ಅಷ್ಟ ಹಸೀ ಅರಿವೀಲೆ ಒರಸಿದೆ.

ಬಣ್ಣಾ ಬಿಡದ, ಗಟ್ಟಿ ಇದ್ದ ಅರಿವಿ ಇದ್ರ ತೊಗಲು ಒಗೀಬಹುದು, ಆದ್ರ ಹತ್ತಿ ಎಲ್ಲಾ ತಗದ ಮ್ಯಾಲೆ. ತುಂಬಿದ್ದ ಹಂಗ ಒಗದ್ರ ಒಳಗ ನಾಲ್ಕು ದಿವಸಾದ್ರೂ ಆರೂದಿಲ್ಲ, ಬೂಷ್ಟ ಬರ್ತದ. ಅಂಟವಾಳ ಕಾಯಿ ರಾತ್ರಿ ನೆನಿಸಿ, ಕಿವುಚಿ, ಸೋಸಿದ ನೀರು ಉಗುರುಬೆಚ್ಚಗ ಮಾಡಿ ಅದರಾಗ ಮುಳುಗಿಸಿ ಮೆತ್ತಗ ಒತ್ತರಿ. ತಿಕ್ಕಬ್ಯಾಡ್ರಿ, ಹಿಂಡಬ್ಯಾಡ್ರಿ. ಇಳಕಲ್ ಸೆರಗಿನ ಹೊಳಿಯೂ ದಾರ ಭಾಳ ಸಲ ರೇಯಾನ್ ಇರ್ತದ. ಅದು ಒಣಗಿದ್ದಾಗ ಗಟ್ಟಿ, ತೊಯ್ದಾಗ ಅರ್ಧಾ ಶಕ್ತಿ ಇರೂದಿಲ್ಲ, ಎತ್ತಿದ್ರ ಹರೀತದ. ಅದಕ್ಕ ಜಾಳಗಿ ಮ್ಯಾಲೆ ಇಟ್ಟ ಎತ್ತರಿ, ನೆಳ್ಳಾಗ ಒಣಗಸ್ರಿ. ಗಂಜಿ ಹಾಕಲೇಬ್ಯಾಡ್ರಿ, ಬೆಳ್ಳಿಹುಳಕ್ಕ ಊಟಾ ಬಡಿಸಿದ್ಹಂಗ. ಬೂರುಗದ ಹತ್ತಿ ತುಂಬಿದ್ದಿದ್ರ ಅದನ್ನ ತೊಳಿಯೂ ಉಸಾಬರಿ ಬ್ಯಾಡ. ಅದು ನೀರು ಕುಡಿಯೂದಿಲ್ಲ, ಅದಕ್ಕನ ಹಿಂದಕ ಹಡಗಿನವರ ತೇಲೂ ಜಾಕೀಟಿಗೆ ಅದನ್ನ ತುಂಬತಿದ್ರು. ಬಿಡಿಸಿ ಬಿಸಲಿಗೆ ಹಾಕಿದ್ರ ಸಾಕು.

ತ್ಯಾಪಿಗೆ ಹೊಸಾ ಅರಿವಿ ಬ್ಯಾಡ, ಅದು ಮುಂದ ಕುಗ್ಗಿ ಹಳೇದನ್ನ ಎಳದು ಹರೀತದ. ನಾ ಮಾಮಾರ ಹಳೇ ಧೋತರದ ತುಂಡು ಒಳಗಿನಿಂದ ಹಚ್ಚಿ, ಹತ್ತೀ ದಾರಲೆ ಕೌದೀ ಟಾಕಿ ಹಾಕಿದೆ. ಅಜ್ಜಿ ಸೂಜಿ ಹೋದ ತೂತಿನ್ಯಾಗನ ನನ್ನ ಸೂಜಿ ಹಾಕಿದೆ. ಪಾಲಿಯೆಸ್ಟರ್ ದಾರ ಹಳೇ ಅರಿವೀನ್ನ ಕೊರೀತದ, ಅದು ಬ್ಯಾಡ. ಡಾಂಬರ ಗುಳಿಗಿ ಸಣ್ಣ ಕೂಸು ಇದ್ದ ಮನ್ಯಾಗ ಬ್ಯಾಡೇ ಬ್ಯಾಡ, ಒಣಗಿದ ಬೇವಿನ ತಪ್ಪಲ, ಬಜಿ ಬೇರು ಸಾಕು. ಮತ್ತ ಮೂರು ವರ್ಷದ ಒಳಗಿನ ಕೂಸಿನ ಕೈಗೆ ಗುಂಡಿ ಕಣ್ಣಿನ ಗೊಂಬಿ ಕೊಡಬ್ಯಾಡ್ರಿ, ಕಿತ್ತು ನುಂಗ್ತಾವ. ಕಣ್ಣು ದಾರಲೆ ತಗೀರಿ, ಅಜ್ಜಿ ಮಾಡಿದ್ಹಂಗ.

ಸ್ಪಂಜಿನ ಪುಡಿ ಅಷ್ಟ ಚೆಲ್ಲೀನಿ. ಟೆರಿಲಿನ್ ತ್ಯಾಪಿ ಇದ್ದಲ್ಲೇ ಅದ. ಹೊಟ್ಟೀ ಹತ್ತಿ ಕೈಲೆ ಹಿಂಜಿ ಮತ್ತ ಅಲ್ಲೇ ತುಂಬಿದೆ, ಕಾಲಿಗೆ ಮಾತ್ರ ಪ್ಯಾಟ್ಯಾಗಿಂದು ಜವಾರಿ ಹತ್ತಿ ಕಾಲು ಕಿಲೋ ತಂದು ಅದರಾಗ ಸ್ವಲ್ಪ ಹಾಕಿದೆ. ಆ ಗುಲಾಬಿ ಚಿಟಿಕಿ ಹತ್ತಿ ಸೊಂಡಿಯೊಳಗ ಇದ್ದಲ್ಲೇ ಬಿಟ್ಟೀನಿ. ಹೊಟ್ಟಿ ಹೊಲಿಯೂಕಿಂತ ಮದಲ ಒಂದು ಬಿಳೇ ಅರಿವೀ ಪಟ್ಟಿ ಮ್ಯಾಲೆ ಯಾರು ಹೊಲಿದ್ರು, ಯಾರಿಗೆ, ಯಾವಾಗ ಕುದಿಸಿದ್ರು, ಯಾವಾಗ ರಿಪೇರಿ ಆತು ಅಂತ ಕಸೂತಿ ದಾರಲೆ ನಾಲ್ಕು ಸಾಲು ಬರದು ಒಳಗ ಇಟ್ಟೀನಿ. ಅತ್ತಿಯವರು ಬಾಜೂಕ್ಕ ಕೂತು ಒಂದೊಂದ ಹೆಸರು ಹೇಳಿದ್ರು, ತಮ್ಮನ ಹೆಸರು ಎರಡು ಸಲ ಹೇಳಿದ್ರು.